ಒಂದು ಮತದ ಲೆಕ್ಕ, ಒಂದು ದಿನದ ಕೂಲಿ



ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಸಂಘದ ಜಗಲಿಯ ಮೇಲೆ ಒಂದೇ ಮಾತು ಕೇಳಿಬರುತ್ತದೆ: "ನಮ್ಮದೊಂದು ಓಟಿನಿಂದ ಆಗುವುದೇನು? ಅಷ್ಟು ಹೊತ್ತು ತೋಟದಲ್ಲಿದ್ದರೆ ನಾಲ್ಕು ಪಾತಿಗಾದರೂ ನೀರು ಹೋದೀತು." ಈ ಮಾತನ್ನು ಬೇರೆ ಜಿಲ್ಲೆಯವರು ಆಡಿದರೆ ಕ್ಷಮಿಸಬಹುದು. ಕುದೇರು, ಸಂತೇಮರಹಳ್ಳಿ ಕಡೆಯವರಾದ ನಾವು ಆಡುವಂತಿಲ್ಲ. ಒಂದು ಓಟಿನಿಂದ ಏನಾಗುತ್ತದೆ ಎಂಬುದನ್ನು ಕರ್ನಾಟಕಕ್ಕೆಲ್ಲ ತೋರಿಸಿಕೊಟ್ಟದ್ದು ನಮ್ಮ ಸೀಮೆಯೇ.

2004ನೆಯ ಇಸವಿಯ ವಿಧಾನಸಭಾ ಚುನಾವಣೆ ನಿಮಗೆ ನೆನಪಿರಬೇಕು. ಆಗ ಸಂತೇಮರಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಪ್ರತ್ಯೇಕ ಕ್ಷೇತ್ರವಾಗಿತ್ತು. ಜನತಾದಳ ಜಾತ್ಯತೀತ ಪಕ್ಷದಿಂದ ನಿಂತವರು ಶ್ರೀ ಎ. ಆರ್. ಕೃಷ್ಣಮೂರ್ತಿ. ಇವರು ಆಲೂರಿನ ದಿವಂಗತ ಬಿ. ರಾಚಯ್ಯನವರ ಮಗ. ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾಗಿ ಬಾಳಿದ ರಾಚಯ್ಯನವರ ಹೆಸರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಎದುರಿಗೆ ಕಾಂಗ್ರೆಸ್ಸಿನಿಂದ ನಿಂತವರು ಹೆಗ್ಗವಾಡಿಯ ಶ್ರೀ ಆರ್. ಧ್ರುವನಾರಾಯಣ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಮಾಡಿದವರು. 1999ರಲ್ಲಿ ಇದೇ ಕ್ಷೇತ್ರದಲ್ಲಿ ಬಿಜೆಪಿಯ ಉಮೇದುವಾರರಾಗಿ ನಿಂತು ಸೋತಿದ್ದರು. ಇಬ್ಬರೂ ಇದೇ ಸೀಮೆಯ ಮಕ್ಕಳು. ಒಬ್ಬರ ಬೆನ್ನಿಗೆ ತಂದೆಯ ಹೆಸರಿತ್ತು, ಇನ್ನೊಬ್ಬರಿಗೆ ಸ್ವಂತ ಓಡಾಟವೇ ಬಂಡವಾಳ.

2004ರ ಮೇ 13ರಂದು ಎಣಿಕೆಯಾಯಿತು. ಧ್ರುವನಾರಾಯಣ ಅವರಿಗೆ 40,752. ಕೃಷ್ಣಮೂರ್ತಿ ಅವರಿಗೆ 40,751.

ಅಂತರ ಒಂದು ಮತ. ರಾಜ್ಯದ ವಿಧಾನಸಭೆಯ ಇತಿಹಾಸದಲ್ಲಿ ಅದಕ್ಕೆ ಜೋಡಿಯಿಲ್ಲ. ನಾಲ್ಕೂವರೆ ವರ್ಷದ ಬಳಿಕ, 2008ರ ಡಿಸೆಂಬರಿನಲ್ಲಿ, ರಾಜಸ್ಥಾನದ ನಾಥದ್ವಾರದಲ್ಲಿ ಅಲ್ಲಿನ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸಿ. ಪಿ. ಜೋಶಿ ಅವರೂ ಹೀಗೆಯೇ ಒಂದು ಮತದಿಂದ ಸೋತಾಗ ದೇಶದ ಪತ್ರಿಕೆಗಳೆಲ್ಲ ಸಂತೇಮರಹಳ್ಳಿಯ ಹೆಸರನ್ನು ಮತ್ತೆ ನೆನೆದವು.

ಆ ಸೋಲಿನ ಸುದ್ದಿಯ ಜೊತೆಗೇ ಇನ್ನೊಂದು ಸುದ್ದಿಯೂ ಪತ್ರಿಕೆಗಳಲ್ಲಿ ಬಂತು, ಇಂದಿಗೂ ಪ್ರತಿ ಚುನಾವಣೆಗೆ ಬರುತ್ತಿದೆ. ಸೋತ ಉಮೇದುವಾರರ ಕಾರಿನ ಚಾಲಕನಿಗೆ ಆ ದಿನದ ಓಡಾಟದಲ್ಲಿ ಮತ ಹಾಕಿ ಬರಲು ಬಿಡುವೇ ಸಿಗಲಿಲ್ಲವಂತೆ. ಜನ ಇದನ್ನು ಹೇಳಿಕೊಂಡು ನಗುತ್ತಾರೆ. ನಮಗೆ ನಗು ಬರುವುದಿಲ್ಲ. ಯಾಕೆಂದು ಹೇಳಬೇಕು, ಇಷ್ಟು ವರ್ಷ ಹೇಳಿರಲಿಲ್ಲ.

2001ರಿಂದ ಮೂರು ವರ್ಷ ಸತತವಾಗಿ ಬರ ಬಿದ್ದಿತ್ತು. 2004ರ ಬೇಸಗೆಯಲ್ಲಿ ನಮ್ಮ ಅಡಿಕೆ ಗಿಡಗಳ ಗರಿ ಒಣಗಿ ಜೋತುಬಿದ್ದಿದ್ದವು. ಕೊಳವೆಬಾವಿಯಲ್ಲಿ ಇದ್ದದ್ದು ಬೆರಳುದಪ್ಪ ನೀರು. ಮೂರು ಫೇಸಿನ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಮತದಾನದ ದಿನ ಬೆಳಗ್ಗೆ ಕರೆಂಟು ಬಂತು. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಇಬ್ಬರು, "ಓಟು ಹಾಕಿ ಬಂದುಬಿಡುತ್ತೇವೆ" ಎಂದು ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತಿದ್ದರು. ಇಬ್ಬರ ಹೆಸರೂ ಸಂತೇಮರಹಳ್ಳಿ ಕ್ಷೇತ್ರದ ಪಟ್ಟಿಯಲ್ಲಿತ್ತು. "ಕರೆಂಟು ಹೋದ ಮೇಲೆ ಹೋಗಿರಂತೆ, ಸಂಜೆತನಕ ಇರುತ್ತದಲ್ಲ" ಎಂದೆವು ನಾವು. ಆ ದಿನ, ಎಂದೂ ಇಲ್ಲದ್ದು, ಕರೆಂಟು ಹೋಗಲೇ ಇಲ್ಲ. ಕೊನೆಯ ಸಾಲಿಗೆ ನೀರು ತಿರುಗಿಸಿ ಅವರು ಊರು ಮುಟ್ಟುವ ಹೊತ್ತಿಗೆ ಮತಗಟ್ಟೆಯ ಬಾಗಿಲು ಮುಚ್ಚಿತ್ತು. ಅವರು ಜಗಳವಾಡಲಿಲ್ಲ. ಮಾರನೆಯ ದಿನ ಎಂದಿನಂತೆ ಬಂದರು.

ಮೇ 13ರ ಸಂಜೆ ರೇಡಿಯೋದಲ್ಲಿ ಫಲಿತಾಂಶ ಕೇಳಿದಾಗ ನಮಗೆ ಮೊದಲು ನೆನಪಾದದ್ದು ಆ ಎರಡು ಟವಲು.

ಲೆಕ್ಕ ನೋಡಿ. ಆ ಇಬ್ಬರಲ್ಲಿ ಒಬ್ಬನೇ ಹೋಗಿ ಕೃಷ್ಣಮೂರ್ತಿ ಅವರಿಗೆ ಮತ ಕೊಟ್ಟಿದ್ದರೆ ಎರಡೂ ಕಡೆ 40,752 ಆಗಿ ಸರಿಸಮವಾಗುತ್ತಿತ್ತು. ಆಗ 1951ರ ಪ್ರಜಾಪ್ರತಿನಿಧಿ ಕಾಯಿದೆಯ 65ನೆಯ ಕಲಮಿನಂತೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಚೀಟಿ ಯಾರ ಪಾಲಿಗೆ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಿದೆ ಎಂದು ಭಾವಿಸಬೇಕು. ಇಬ್ಬರೂ ಹೋಗಿ ಅವರಿಗೇ ಹಾಕಿದ್ದರೆ ಅವರು ಶಾಸಕರು, ಚೀಟಿಯ ಮಾತೇ ಇಲ್ಲ. ಇಬ್ಬರೂ ಧ್ರುವನಾರಾಯಣ ಅವರಿಗೆ ಹಾಕಿದ್ದರೆ ಅಂತರ ಮೂರಾಗಿ, ಈ ಕತೆಯನ್ನು ಯಾರೂ ಹೇಳುತ್ತಿರಲಿಲ್ಲ. ಅವರು ಯಾರಿಗೆ ಹಾಕುತ್ತಿದ್ದರು ಎಂದು ನಾವು ಕೇಳಲಿಲ್ಲ. ಕೇಳುವ ಹಕ್ಕೂ ನಮಗಿಲ್ಲ. ನಮ್ಮ ನೂರೈವತ್ತು ಅಡಿಕೆ ಗಿಡ ಒಂದು ದಿನ ತಡೆದಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಮಾತ್ರ ಗೊತ್ತು. ಆ ವರ್ಷದ ಬರದಲ್ಲಿ ಹೇಗೂ ಅರ್ಧದಷ್ಟು ಹೋದವು.

ಆ ಒಂದು ಮತದ ಮೇಲೆ ಮುಂದೆ ಎಷ್ಟೆಲ್ಲ ನಿಂತಿತು ನೋಡಿ. ಶಾಸಕರಾದ ಧ್ರುವನಾರಾಯಣ ಹಳ್ಳಿ ಹಳ್ಳಿಗೂ ಪರಿಚಿತರಾದರು. 2008ರ ಹೊತ್ತಿಗೆ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. ಅವರು ಕೊಳ್ಳೇಗಾಲಕ್ಕೆ ಹೋಗಿ ಗೆದ್ದರು. 2009ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ನಿಂತರು. ಎದುರಿಗೆ ಈ ಸಲ ಬಿಜೆಪಿಯಿಂದ ಮತ್ತೆ ಅದೇ ಕೃಷ್ಣಮೂರ್ತಿ. ಅಂತರ 4,002. 2014ರಲ್ಲಿ ಮತ್ತೆ ಅದೇ ಇಬ್ಬರು. ಅಂತರ 1,41,182ಕ್ಕೆ ಏರಿತು. ಒಂದರಿಂದ ಒಂದು ಲಕ್ಷದ ನಲವತ್ತೊಂದು ಸಾವಿರಕ್ಕೆ, ಹತ್ತು ವರ್ಷದಲ್ಲಿ. 2019ರಲ್ಲಿ ಗಾಳಿ ತಿರುಗಿ, ಶ್ರೀ ವಿ. ಶ್ರೀನಿವಾಸಪ್ರಸಾದ್ ಅವರ ಎದುರು 1,817 ಮತಗಳಿಂದ ಅವರೇ ಸೋತರು. ಎಂಟು ವಿಧಾನಸಭಾ ಕ್ಷೇತ್ರಗಳ ಲೋಕಸಭಾ ಕ್ಷೇತ್ರದಲ್ಲಿ 1,817 ಎಂದರೆ ಮತಗಟ್ಟೆಗೆ ಒಂದೊಂದು ಎಂದು ಹಂಚಿದಷ್ಟು. ಒಂದು ಮತದಿಂದ ಗೆದ್ದು ಬಂದವರಿಗೆ ಆ ಸೋಲಿನ ರುಚಿ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು.

ಇದರ ನಡುವೆ ಒಂದು ಮಾತು. 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜನತಾದಳಕ್ಕೆ 58. ಎಣಿಕೆ ಮುಗಿದು ಹದಿನೈದು ದಿನವಾಗುವಷ್ಟರಲ್ಲಿ ಕಾಂಗ್ರೆಸ್ಸೂ ಜನತಾದಳವೂ ಕೂಡಿ ಧರ್ಮಸಿಂಗ್ ಅವರ ಸರ್ಕಾರ ಬಂತು. ಒಂದು ಮತಕ್ಕಾಗಿ ಟೀ ಅಂಗಡಿಯಲ್ಲಿ ಅಂಗಿ ಹರಿದುಕೊಂಡಿದ್ದ ನಮ್ಮ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜಕೀಯದವರು ಕೂಡಿಕೊಂಡರೂ ಊರಿನವರು ಮಾತು ಬಿಟ್ಟದ್ದು ಬಹಳ ದಿನ ನಡೆಯಿತು. ಇದು ನಮ್ಮ ದಡ್ಡತನ, ಮತದ ತಪ್ಪಲ್ಲ.

2023ರ ಮಾರ್ಚ್ 11ರಂದು ಧ್ರುವನಾರಾಯಣ ಅವರು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ನಂಜನಗೂಡಿನಿಂದ ಮತ್ತೆ ವಿಧಾನಸಭೆಗೆ ನಿಲ್ಲುವ ಸಿದ್ಧತೆಯಲ್ಲಿದ್ದರು. ಎರಡು ತಿಂಗಳ ಬಳಿಕ ಅಲ್ಲಿ ಅವರ ಮಗ ದರ್ಶನ್ ನಿಂತು ಗೆದ್ದರು. ಅದೇ ಚುನಾವಣೆಯಲ್ಲಿ ಕೊಳ್ಳೇಗಾಲದಿಂದ ಕಾಂಗ್ರೆಸ್ ಉಮೇದುವಾರರಾಗಿ ನಿಂತಿದ್ದವರು ಯಾರು? ಎ. ಆರ್. ಕೃಷ್ಣಮೂರ್ತಿ. ಅವರು 2018ರಲ್ಲಿಯೂ ಅಲ್ಲೇ ನಿಂತು ಬಿಎಸ್‌ಪಿಯ ಶ್ರೀ ಎನ್. ಮಹೇಶ್ ಅವರೆದುರು ಸೋತಿದ್ದರು. ಈ ಸಲ ಅದೇ ಮಹೇಶ್ ಬಿಜೆಪಿಯಲ್ಲಿದ್ದರು. ಕೃಷ್ಣಮೂರ್ತಿ 59,519 ಮತಗಳ ಅಂತರದಿಂದ ಗೆದ್ದರು. ಎಣಿಕೆಯ ದಿನ ಮೇ 13. ಒಂದು ಮತದಿಂದ ಸೋತ ದಿನಕ್ಕೆ ಸರಿಯಾಗಿ ಹತ್ತೊಂಬತ್ತು ವರ್ಷ. ನಡುವೆ ಎರಡು ಲೋಕಸಭೆ, ಒಂದು ವಿಧಾನಸಭೆ ಸೋತರೂ ಕಣ ಬಿಡದ ಮನುಷ್ಯ. ಪಕ್ಷಾಂತರದ ಬಗ್ಗೆ ನಮ್ಮ ಓದುಗರಿಗೆ ಏನು ಅಭಿಪ್ರಾಯವಿದ್ದರೂ ಆ ತಾಳ್ಮೆಯನ್ನು ಒಪ್ಪಬೇಕು. ಅಡಿಕೆ ನೆಟ್ಟವರಿಗೆ ಅದು ಅರ್ಥವಾಗುತ್ತದೆ.

"ಇವರು ಗೆದ್ದರೂ ಅವರು ಗೆದ್ದರೂ ನಮ್ಮ ರಸ್ತೆ ಹಾಗೇ ಇದೆ" ಎಂದು ಹೇಳುವವರಿದ್ದಾರೆ. ಅದರಲ್ಲಿ ಸುಳ್ಳಿಲ್ಲ. 2024ರ ಏಪ್ರಿಲಿನಲ್ಲಿ ಮಹದೇಶ್ವರ ಬೆಟ್ಟದ ಕಡೆಯ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕಾರದ ಮಾತೆದ್ದು, ಗಲಭೆಯಾಗಿ, ಮತಯಂತ್ರವೇ ಒಡೆದುಹೋಗಿ ಮರುಮತದಾನ ನಡೆಸಬೇಕಾಯಿತು. ಆ ಸಿಟ್ಟು ನಮಗೆ ತಿಳಿಯುತ್ತದೆ. ಆದರೆ ಕಾಫಿ, ಅಡಿಕೆ ಬೆಳೆಯುವ ನಮ್ಮ ಬದುಕು ಎಲ್ಲಿ ತೀರ್ಮಾನವಾಗುತ್ತದೆ ಎಂದು ಸ್ವಲ್ಪ ಯೋಚಿಸಿ. ಹೊರದೇಶದ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದ್ದು 2023ರ ಫೆಬ್ರವರಿಯಲ್ಲಿ, ದೆಹಲಿಯ ಆದೇಶದಿಂದ. ಕಾಫಿ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಇಲಾಖೆಯ ಕೈಯಲ್ಲಿ. ಪಂಪ್‌ಸೆಟ್ಟಿನ ಕರೆಂಟು ಬೆಂಗಳೂರಿನ ಕೈಯಲ್ಲಿ. ಎರಡು ಎಕರೆಯವನ ದನಿ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ದೊಡ್ಡ ಎಸ್ಟೇಟಿನವರಿಗೆ ಬೇರೆ ದಾರಿಗಳಿವೆ, ನಮಗೆ ಇರುವುದು ಇದೊಂದು. ನಮ್ಮ ಸಂಘದಲ್ಲಿ ಹತ್ತು ಷೇರಿನವನಿಗೂ ಒಂದೇ ಓಟು, ಒಂದು ಷೇರಿನವನಿಗೂ ಒಂದೇ ಓಟು. ಆ ನಿಯಮದ ಬೆಲೆ ತಿಳಿದು ಸಂಘ ಕಟ್ಟಿದ ನಾವು ನಾಡಿನ ಚುನಾವಣೆಯಲ್ಲಿ ಮಾತ್ರ ಬೆಲೆಯಿಲ್ಲವೆಂದರೆ ಹೇಗೆ?

ಆದರೂ ಇಷ್ಟು ಬರೆದದ್ದು ನಮ್ಮ ಓಟಿಗಾಗಿ ಅಲ್ಲ. ಬೆಳೆಗಾರ ಹೇಗೋ ಮಾಡಿ ಬೈಕು ಹತ್ತಿ ಹೋಗಿ ಹಾಕಿ ಬರುತ್ತಾನೆ. ತಪ್ಪಿಹೋಗುವುದು ನಮ್ಮ ತೋಟದಲ್ಲಿ ಬಗ್ಗಿ ನಿಂತವರ ಓಟು. ನಮ್ಮ ಜಿಲ್ಲೆಯಿಂದ ಕೊಡಗಿಗೂ ವಯನಾಡಿಗೂ ಕಾಫಿ ತೋಟದ ಕೆಲಸಕ್ಕೆ ಹೋದವರಿದ್ದಾರೆ. ಚುನಾವಣೆ ಬಂದಾಗ ಬಸ್ಸಿನ ದುಡ್ಡು, ಎರಡು ದಿನದ ಕೂಲಿ ಎರಡನ್ನೂ ಕಳೆದುಕೊಂಡು ಬರಬೇಕೆಂದರೆ ಎಷ್ಟು ಜನ ಬಂದಾರು? ಇದೇ ಪ್ರಜಾಪ್ರತಿನಿಧಿ ಕಾಯಿದೆಗೆ 1996ರಲ್ಲಿ ಸೇರಿಸಿದ 135 ಬಿ ಕಲಮು ನಮ್ಮ ಅನೇಕ ಸದಸ್ಯರಿಗೆ ಗೊತ್ತಿಲ್ಲ. ಮತದ ಹಕ್ಕುಳ್ಳ ಕೆಲಸಗಾರನಿಗೆ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು, ಕೂಲಿ ಹಿಡಿಯಕೂಡದು, ದಿನಗೂಲಿಯವನಿಗೂ ಆ ದಿನದ ಕೂಲಿ ಸಲ್ಲಬೇಕು ಎನ್ನುತ್ತದೆ ಅದು. ತಪ್ಪಿದ ಮಾಲೀಕನಿಗೆ ದಂಡ 500 ರೂಪಾಯಿವರೆಗೆ. ಕೆಲಸ ಬಿಟ್ಟರೆ ಅಪಾಯ ಅಥವಾ ಭಾರಿ ನಷ್ಟವಾಗುವ ಕಡೆ ವಿನಾಯಿತಿಯುಂಟು. ನಮ್ಮ ಜನ ಆ ವಿನಾಯಿತಿಯ ಸಾಲನ್ನೇ ಮೊದಲು ಓದುತ್ತಾರೆ. ಪಾತಿಗೆ ನೀರು ಬಿಡುವುದು, ಮೆಣಸು ಒಣಹಾಕುವುದು ಭಾರಿ ನಷ್ಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಅಭಿಪ್ರಾಯ. ಕೊಟ್ಟಿಗೆ ತೋಟಕ್ಕೆ ಈ ಕಲಮು ತಟ್ಟುತ್ತದೆಯೋ ಇಲ್ಲವೋ ಎಂದು ವಕೀಲರನ್ನು ಕೇಳುವ ಬದಲು ಒಂದು ದಿನ ಪಂಪು ನಿಲ್ಲಿಸುವುದು ಸುಲಭ.

ಸಂಘದ ಆಡಳಿತ ಮಂಡಳಿಗೆ ನಮ್ಮದೊಂದು ಸೂಚನೆಯಿದೆ. ಚುನಾವಣೆಯ ದಿನ ಸಂಘದ ಖರೀದಿ ಕೇಂದ್ರ, ಗೋದಾಮು ಮುಚ್ಚಿರಲಿ, ಹಮಾಲರಿಗೆ ಆ ದಿನದ ಕೂಲಿ ಸಂಘ ಕೊಡಲಿ. ಎರಡು ದಿನ ಮುಂಚೆಯೇ ಸದಸ್ಯರಿಗೆ ತಿಳಿಸಿದರೆ ಯಾರೂ ಮಾಲು ಹೊತ್ತು ಬಂದು ಕಾಯುವುದಿಲ್ಲ. ಇದು ಮಹಾಸಭೆಯಲ್ಲಿ ಠರಾವಾಗಬೇಕು. ಮಂಡಿಸಲು ನಾವು ಸಿದ್ಧರಿದ್ದೇವೆ, ಅನುಮೋದಿಸುವವರು ಬೇಕು.

2023ರ ಮೇ 10, ಬುಧವಾರ, ಮತದಾನದ ದಿನ ನಾವು ಪಂಪಿನ ಮನೆಗೆ ಬೀಗ ಹಾಕಿದೆವು. 2004ರ ಆ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರಿಗೆ ಈಗ ಕೆಲಸ ಆಗುವುದಿಲ್ಲ; ಅವರ ಮಗ ನಮ್ಮಲ್ಲಿಗೆ ಬರುತ್ತಾನೆ. ಹಿಂದಿನ ಸಂಜೆ ಅವನನ್ನು ಕರೆದು, ನಾಳೆ ಬರಬೇಡ, ತಂದೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಓಟು ಹಾಕಿಸು ಎಂದೆವು. ಅವನು ಸ್ವಲ್ಪ ಹೊತ್ತು ನಿಂತ. "ನಾಳೆಯದು ಹಾಜರಿ ಹಾಕ್ತೀರಾ?" ಎಂದು ಕೇಳಿದ. ಹಾಕಿದ್ದೇವೆ ಎಂದು ಪುಸ್ತಕ ತೆಗೆದು ತೋರಿಸಿದೆವು.