ದಿನಕ್ಕೊಂದು ಸರಕು

ಫೆಬ್ರವರಿ 14 ಅಂದರೆ ಒಂದೇ ದಿನ ಎಂದುಕೊಂಡಿದ್ದೆವು. ಈಗ 7ರ ರೋಸ್ ಡೇಯಿಂದಲೇ ಶುರು. 9ಕ್ಕೆ ಚಾಕಲೇಟ್, 10ಕ್ಕೆ ಟೆಡ್ಡಿ ಬೊಂಬೆ. ದಿನಕ್ಕೊಂದು ಸರಕು! ಬೆಂಗಳೂರು ವಿಮಾನ ನಿಲ್ದಾಣದಿಂದ ಗುಲಾಬಿ ಹೊರದೇಶಕ್ಕೆ ಹೆಚ್ಚು ಹೋಗುವುದೂ ಆಗಲೇ. ಬೆಳೆದ ರೈತನಿಗೆ ನಾಲ್ಕು ಕಾಸು ಸಿಕ್ಕರೆ ನಮಗೆ ಸಂತೋಷವೇ.

ಬೇಸರ ಬೇರೆಯದ್ದು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಪಿಯುಸಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಸಾಲ ಮಾಡಿ ಟೆಡ್ಡಿ ಕೊಂಡ. ಉಮ್ಮ ಬೀಡಿ ಕಟ್ಟಿ ಕೊಡುತ್ತಿದ್ದ ಬಸ್ಸಿನ ದುಡ್ಡು ಆ ಸಾಲಕ್ಕೆ ಹೋಯಿತು, ಕಾಲೇಜು ತಪ್ಪಿತು. “ಕೊಡದಿದ್ರೆ ಪ್ರೀತಿ ಇಲ್ಲ ಅಂತಾರೆ ಉಸ್ತಾದ್” ಎಂದ.

ಉಡುಗೊರೆ ಕೊಟ್ಟು ತೆಗೆದುಕೊಂಡರೆ ಪ್ರೀತಿ ಬೆಳೆಯುತ್ತದೆ ಎಂದು ಮದ್ರಸದಲ್ಲಿ ನಾವೇ ಕಲಿಸುತ್ತೇವೆ. ಅದಕ್ಕೆ ತಾರೀಖೂ ಇಲ್ಲ, ಬೆಲೆಪಟ್ಟಿಯೂ ಇಲ್ಲ. ಹಾಗಂತ ಹುಡುಗನನ್ನು ಮಾತ್ರ ಬೈದರೆ ನ್ಯಾಯವಲ್ಲ. ಆ ಟೆಡ್ಡಿ ಮಾರಿದ ಫ್ಯಾನ್ಸಿ ಅಂಗಡಿ ನಮ್ಮವರದ್ದೇ. ಪೆರ್ನಾಲ್‌ಗೆ ಸಾಲ ಮಾಡಿ ಬಟ್ಟೆ ತರುವವರು, ಮದುವೆಯಲ್ಲಿ ಎಷ್ಟು ಬಗೆ ಊಟ ಎಂದು ಎಣಿಸುವವರು ಕೂಡ ನಾವೇ. ಮಕ್ಕಳು ನೋಡಿ ಕಲಿತದ್ದು ಇದನ್ನೇ ಅಲ್ಲವೇ?

ಈ ಸಲ ಮಕ್ಕಳು ದುಡ್ಡು ಕೇಳಿದರೆ, ರೇಗುವ ಮೊದಲು ಯಾಕೆ ಬೇಕೆಂದು ಹತ್ತಿರ ಕೂರಿಸಿಕೊಂಡು ಕೇಳಿ. ಆ ಹುಡುಗನನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.