ಬೇರಿನ ಶಿಲೀಂಧ್ರಕ್ಕೆ ಕಿಲೋ ಲೆಕ್ಕದ ದರವೇ?

ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈನಲ್ಲಿ ತಡೆಹಿಡಿದುದು, ಮರು ತಿಂಗಳೇ ಆ ಆದೇಶವನ್ನು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿದುದು ನಮ್ಮ ಸದಸ್ಯರಲ್ಲಿ ಬಹುತೇಕರಿಗೆ ನೆನಪಿರುವ ಸಂಗತಿ. ಗಣಿಗಳು ಪುನಃ ತೆರೆಯಬೇಕಾದರೆ ಪ್ರತಿ ಗುತ್ತಿಗೆ ಪ್ರದೇಶಕ್ಕೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅಂದಿನಿಂದ ಗಣಿತ್ಯಾಜ್ಯದ ದಿಬ್ಬಗಳ ಮೇಲೆ ಸಸಿ ನೆಡುವ ಕಾರ್ಯವು ಸಸಿ, ಗೊಬ್ಬರ, ಚೀಲ, ಸಾಗಣೆ ಎಂದು ಹಲವರಿಗೆ ವ್ಯಾಪಾರವನ್ನೂ ಒದಗಿಸಿದೆ. ಈ ಸರಕುಗಳ ಸಾಲಿಗೆ ಸೇರಿರುವ ‘ಮೈಕೊರೈಜಾ’ ಎಂಬ ಪುಡಿಯ ವಿಷಯದಲ್ಲಿ ಎರಡು ಮಾತು ಹೇಳಬೇಕಾಗಿದೆ.

ನರ್ಸರಿಯವರು ‘ವ್ಯಾಮ್’ ಎಂದು ಕರೆಯುವ ಈ ಶಿಲೀಂಧ್ರವು ಸಸಿಯ ಬೇರಿನೊಳಗೆ ನೆಲೆಸಿ, ತನ್ನ ಸೂಕ್ಷ್ಮ ಎಳೆಗಳನ್ನು ಬೇರು ತಲುಪಲಾರದ ಮಣ್ಣಿಗೂ ಚಾಚುತ್ತದೆ. ಅಲ್ಲಿಂದ ರಂಜಕ, ಸತು ಮುಂತಾದ ಪೋಷಕಾಂಶಗಳನ್ನೂ ಸ್ವಲ್ಪ ನೀರನ್ನೂ ತಂದುಕೊಟ್ಟು, ಪ್ರತಿಯಾಗಿ ಸಸ್ಯದಿಂದ ಸಕ್ಕರೆಯನ್ನು ಪಡೆಯುತ್ತದೆ. ಇದಕ್ಕಿಂತ ಶುದ್ಧವಾದ ವಿನಿಮಯ ವ್ಯಾಪಾರ ಮತ್ತೊಂದಿರಲಾರದು! ಬೇರು ಮತ್ತು ಶಿಲೀಂಧ್ರಗಳ ಇಂತಹ ಸಹಬಾಳ್ವೆಗೆ ‘ಮೈಕೊರೈಜಾ’ ಎಂಬ ಹೆಸರನ್ನಿತ್ತವನು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್, ಅದು 1885ರಲ್ಲಿ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಡಿ. ಜೆ. ಬಾಗ್ಯರಾಜ್ ಮತ್ತು ಸಂಗಡಿಗರು ಈ ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿ, ಅರಣ್ಯ ಸಸಿಗಳ ಮೇಲೂ ಪ್ರಯೋಗ ಮಾಡಿದ್ದಾರೆ. ಆದುದರಿಂದ ವಿದ್ಯೆಗಾಗಿ ನಾವು ದೂರ ಹೋಗಬೇಕಾಗಿಲ್ಲ.

ತೊಡಕಿರುವುದು ತಯಾರಿಕೆಯಲ್ಲಿ. ಈ ಶಿಲೀಂಧ್ರವನ್ನು ರೈಜೋಬಿಯಂನಂತೆ ತೊಟ್ಟಿಯಲ್ಲಿ ಕುದುರಿಸಿ ತೆಗೆಯಲಾಗದು. ಅದಕ್ಕೆ ಜೀವಂತ ಬೇರು ಬೇಕೇ ಬೇಕು. ಶುದ್ಧೀಕರಿಸಿದ ಮರಳು ಅಥವಾ ವರ್ಮಿಕ್ಯುಲೈಟ್ ತುಂಬಿದ ಕುಂಡಗಳಲ್ಲಿ ಮೆಕ್ಕೆಜೋಳ, ರಾಗಿ ಇಲ್ಲವೇ ಹುಲ್ಲನ್ನು ಬೆಳೆಸಿ, ಮೂರು ನಾಲ್ಕು ತಿಂಗಳು ಕಾದು, ಬೇರನ್ನೂ ಬೀಜಕಗಳುಳ್ಳ ಮಾಧ್ಯಮವನ್ನೂ ಒಟ್ಟಿಗೆ ಒಣಗಿಸಿ ಬಳಸಬೇಕು. ಪ್ರಯೋಗಾಲಯದಲ್ಲಿ ಬೇರಿನ ತುಣುಕುಗಳ ಮೇಲೆಯೇ ಬೆಳೆಸುವ ವಿಧಾನವೂ ಇದೆ, ಆದರೆ ಅದಕ್ಕೆ ಬಂಡವಾಳ ಹೆಚ್ಚು. ಇಷ್ಟೆಲ್ಲ ಶ್ರಮಪಟ್ಟು ತಯಾರಿಸಿದ ಸರಕು ಮತ್ತು ಬರಿಯ ಟಾಲ್ಕ್ ಪುಡಿ ಇವೆರಡೂ ಪೊಟ್ಟಣದಲ್ಲಿ ಒಂದೇ ರೀತಿ ಕಾಣುತ್ತವೆ ಎಂಬುದೇ ಈ ಉದ್ಯಮದ ಸಂಕಟ. ವಿದೇಶಗಳಲ್ಲಿ ಮಾರುಕಟ್ಟೆಯ ಪೊಟ್ಟಣಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಹಲವಾರು ಉತ್ಪನ್ನಗಳಲ್ಲಿ ಬೇರನ್ನು ಸೇರಬಲ್ಲ ಶಿಲೀಂಧ್ರವೇ ದೊರೆತಿಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಜೈವಿಕ ಗೊಬ್ಬರಗಳು ಬಂದವು. ಬಳಿಕ ಮೈಕೊರೈಜಾಕ್ಕೂ ಮಾನದಂಡವನ್ನು ಸೇರಿಸಲಾಯಿತು. ಬೇರನ್ನು ಸೋಂಕಬಲ್ಲ ಶಕ್ತಿ ಎಷ್ಟಿರಬೇಕೆಂಬುದೂ ಅದರಲ್ಲಿದೆ. ಆದರೆ ನಾನು ಕಂಡಿರುವ ಖರೀದಿ ಪತ್ರಗಳಲ್ಲಿ ‘ಇಷ್ಟು ಕಿಲೋ, ಕನಿಷ್ಠ ದರ’ ಎಂಬುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಜೀವವುಳ್ಳ ವಸ್ತುವನ್ನು ಸಿಮೆಂಟಿನಂತೆ ತೂಗಿ ಕೊಂಡರೆ ಪ್ರಾಮಾಣಿಕ ಸಣ್ಣ ತಯಾರಕನು ಮೊದಲ ಸುತ್ತಿನಲ್ಲೇ ಹೊರಬೀಳುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಸಿಗಳು ಒಣಗಿದಾಗ ಅಪವಾದ ಬರುವುದು ಶಿಲೀಂಧ್ರಕ್ಕೇ.

ಮಾರುವವರೂ ಮಿತಿಯನ್ನರಿತು ಮಾತನಾಡಬೇಕು. ಮೇಲ್ಮಣ್ಣು ಕೆಡದಿರುವ ನೆಲದಲ್ಲಿ ಈ ಶಿಲೀಂಧ್ರ ತಾನಾಗಿಯೇ ಇರುತ್ತದೆ, ಅಲ್ಲಿ ಪುಡಿ ಸುರಿಯುವುದು ಗಿರಾಕಿಯ ಹಣ ಪೋಲು ಮಾಡಿದಂತೆ. ಪ್ರಯೋಜನವಿರುವುದು ಗಣಿತ್ಯಾಜ್ಯದಂತಹ ಸತ್ತ ಮಣ್ಣಿನಲ್ಲಿ ಮತ್ತು ಕ್ರಿಮಿಶುದ್ಧ ಮಾಧ್ಯಮ ಬಳಸುವ ನರ್ಸರಿಗಳಲ್ಲಿ. ಸೂಪರ್ ಫಾಸ್ಫೇಟನ್ನು ಧಾರಾಳವಾಗಿ ಕೊಟ್ಟ ಸಸಿಯು ಶಿಲೀಂಧ್ರವನ್ನು ಹತ್ತಿರ ಸೇರಿಸುವುದೇ ಕಡಿಮೆ. ಮರದ ಜಾತಿಯನ್ನೂ ನೋಡಬೇಕು. ತೇಗ, ಹೊನ್ನೆ, ಬೇವು ಮುಂತಾದ ನಮ್ಮ ಬಹುಪಾಲು ಮರಗಳಿಗೆ ವ್ಯಾಮ್ ಹೊಂದುತ್ತದೆ. ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೆ ಬೇರನ್ನು ಹೊರಗಿನಿಂದ ಕವಚದಂತೆ ಹೊದೆಯುವ ಬೇರೆಯೇ ವರ್ಗದ ಶಿಲೀಂಧ್ರಗಳು ಬೇಕು. ಎಲ್ಲ ಮರಕ್ಕೂ ಒಂದೇ ಪೊಟ್ಟಣ ಎನ್ನುವವರನ್ನು ನಂಬಲಾಗದು.

ಖರೀದಿಸುವ ಇಲಾಖೆಗಳು ಮತ್ತು ಗಣಿ ಕಂಪನಿಗಳು ತೂಕದ ಬದಲು ಸೋಂಕುಶಕ್ತಿಗೆ ದರ ಕೇಳಲಿ. ಪ್ರತಿ ತಂಡದ ಮಾದರಿಯನ್ನು ಸ್ವತಂತ್ರ ಪ್ರಯೋಗಾಲಯಕ್ಕೆ ಕಳುಹಿಸಲಿ. ಇನ್ನೂ ಸರಳವಾದ ದಾರಿಯೆಂದರೆ ಪುಡಿಯನ್ನು ಬಿಟ್ಟು ಸಸಿಯನ್ನೇ ಪರೀಕ್ಷಿಸುವುದು. ನರ್ಸರಿಯಿಂದ ಲಾರಿ ಹೊರಡುವ ಮುನ್ನ ಕೆಲವು ಸಸಿಗಳ ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಸೇರಿದೆಯೋ ಇಲ್ಲವೋ ತಿಳಿಯುತ್ತದೆ. ಕಾಲೇಜು ಪ್ರಯೋಗಾಲಯದಲ್ಲಿಯೂ ಆಗುವ ಕೆಲಸವಿದು. ಜಿಲ್ಲೆಗೊಂದರಂತೆ ಇಂತಹ ಪರೀಕ್ಷಾ ಸೌಲಭ್ಯವನ್ನು ತಯಾರಕರೇ ಸೇರಿ, ವೆಚ್ಚ ಹಂಚಿಕೊಂಡು ಏರ್ಪಡಿಸಬಹುದು. ಮುಂಗಾರಿನ ಟೆಂಡರುಗಳು ಸಿದ್ಧವಾಗುವ ಮೊದಲೇ ನಮ್ಮ ಸಂಸ್ಥೆಯು ಈ ಬಗ್ಗೆ ಅರಣ್ಯ ಇಲಾಖೆಗೆ ಮನವಿ ಸಲ್ಲಿಸುವುದು ಸೂಕ್ತ.