ದಿನಕ್ಕೊಂದು ಗುಳಿಗೆ, ಮನೆಮಂದಿಗೆಲ್ಲ ಎಚ್ಚರ



ಹೃದಯದ ಕವಾಟವನ್ನು ಬದಲಾಯಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು ನಮ್ಮ ಚಿತ್ರದುರ್ಗ ಸೀಮೆಯ ಮನೆಗಳಲ್ಲಿ ಇದ್ದಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ಹಿರಿಯೂರಿಗೋ ಹೊಳಲ್ಕೆರೆಗೋ ಮರಳುವಾಗ ಅವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ವಾರ್ಫರಿನ್ ಎಂದೋ ಅಸಿಟ್ರೋಮ್ ಎಂದೋ ಬರೆದಿರುತ್ತದೆ. ಜನರು ಇದನ್ನು ರಕ್ತ ತೆಳುವಾಗಿಸುವ ಗುಳಿಗೆ ಎನ್ನುತ್ತಾರೆ. ನಿಜಕ್ಕೂ ಇದು ರಕ್ತವನ್ನು ನೀರಾಗಿಸುವುದಿಲ್ಲ. ಹೆಪ್ಪುಗಟ್ಟುವ ಗುಣವನ್ನು ತಗ್ಗಿಸುತ್ತದೆ, ಅಷ್ಟೆ.

“ಇದು ಇಲಿಪಾಷಾಣವಂತೆ, ಹೌದೇ?” ಎಂದು ಭಕ್ತರು ಅಂಜಿಕೆಯಿಂದ ಕೇಳುವುದುಂಟು. ಈ ಮಾತಿಗೆ ಮೂಲವಿದೆ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಸಲು ಹಿಡಿದ ಒಂದು ಬಗೆಯ ಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು ಹೆಪ್ಪುಗಟ್ಟದ ದನದ ರಕ್ತವನ್ನು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಳಿಗೆ ಒಯ್ದನು. ಆ ಶೋಧನೆಯ ಫಲವಾಗಿ ದೊರೆತ ವಸ್ತುವೊಂದು 1948ರಲ್ಲಿ ಇಲಿಗಳ ವಿಷವಾಗಿಯೂ, 1954ರಲ್ಲಿ ಮನುಷ್ಯರ ಔಷಧಿಯಾಗಿಯೂ ಬಂದಿತು. ಮರುವರ್ಷವೇ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಇದನ್ನೇ ಕೊಟ್ಟರು. ವಿಷವೋ ಮದ್ದೋ ಎಂಬುದನ್ನು ನಿರ್ಣಯಿಸುವುದು ಪ್ರಮಾಣ. ವಾಣಿವಿಲಾಸ ಸಾಗರದ ನಾಲೆಯಲ್ಲಿ ನೀರು ಕಡಿಮೆಯಾದರೆ ಪೈರು ಒಣಗುತ್ತದೆ, ಮಿತಿಮೀರಿದರೆ ಏರಿ ಒಡೆಯುತ್ತದೆ. ಈ ಗುಳಿಗೆಯ ರೀತಿಯೂ ಅದೇ. ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು ಕಟ್ಟುತ್ತದೆ, ಅದು ಮೆದುಳಿಗೆ ಹರಿದರೆ ಪಾರ್ಶ್ವವಾಯು. ಹೆಚ್ಚಾದರೆ ರಕ್ತಸ್ರಾವ.

ಈ ಪ್ರಮಾಣವನ್ನು ತಿಳಿಸುವ ಪರೀಕ್ಷೆಗೆ ಐ.ಎನ್.ಆರ್. ಎಂದು ಹೆಸರು. ಗುಳಿಗೆ ನುಂಗದವರಲ್ಲಿ ಅದು ಸುಮಾರು 1 ಇರುತ್ತದೆ. ಲಯ ತಪ್ಪಿದ ಹೃದಯಕ್ಕೂ ಕಾಲಿನ ಹೆಪ್ಪಿಗೂ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಲೋಹದ ಕವಾಟವಿದ್ದವರಿಗೆ, ಅದರ ಜಾಗವನ್ನು ಅನುಸರಿಸಿ, ಇನ್ನೂ ತುಸು ಹೆಚ್ಚು ಬೇಕಾಗಬಹುದು. ತಮ್ಮ ಅಂಕಿ ಎಷ್ಟಿರಬೇಕೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಮೊದಮೊದಲು ಕೆಲವೇ ದಿನಗಳಿಗೊಮ್ಮೆ, ಅಂಕಿ ನೆಲೆನಿಂತ ಬಳಿಕ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಪರೀಕ್ಷೆಯಾಗಬೇಕು. ಮೈ ಚೆನ್ನಾಗಿದೆಯೆಂದು ಪರೀಕ್ಷೆ ಬಿಡುವುದು ತರವಲ್ಲ. ಅಂಕಿ ತಪ್ಪಿದ್ದು ಅನಾಹುತವಾಗುವವರೆಗೆ ಮೈಗೆ ತಿಳಿಯದೆ ಹೋಗಬಹುದು.

ಗುಳಿಗೆಯನ್ನು ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಇಷ್ಟಲಿಂಗಪೂಜೆಗೆ ಮುಂಚೆ ಏನನ್ನೂ ಸೇವಿಸದ ನೇಮವುಳ್ಳವರಿಗೆ ಸಂಜೆಯ ಪೂಜೆಯ ನಂತರದ ಹೊತ್ತು ಅನುಕೂಲ. ಬೆಳಿಗ್ಗೆ ಪರೀಕ್ಷೆ ಮಾಡಿಸಿ, ಪ್ರಮಾಣ ಬದಲಾದರೆ ಅಂದೇ ಸಂಜೆ ಸರಿಪಡಿಸಬಹುದು. ಮರೆತದ್ದು ಅದೇ ದಿನ ನೆನಪಾದರೆ ನುಂಗಬಹುದು. ಮರುದಿನ ನೆನಪಾದರೆ ಎರಡನ್ನೂ ಕೂಡಿಸಿ ನುಂಗಬಾರದು. ಔಷಧಿ ಅಂಗಡಿಯಲ್ಲಿ ಕೊಟ್ಟ ಪಟ್ಟಿಯ ಮೇಲೆ ಎಷ್ಟು ಮಿಲಿಗ್ರಾಂ ಎಂದಿದೆ ಎಂಬುದನ್ನು ಪ್ರತಿಸಲವೂ ನೋಡಿರಿ. 1 ಮಿಲಿಗ್ರಾಂ ಬದಲು 4 ಮಿಲಿಗ್ರಾಂ ಬಂದರೆ ಗಂಡಾಂತರ.

ಶ್ರಾವಣದ ಸೋಮವಾರ, ಮಹಾಶಿವರಾತ್ರಿ ಎಂದು ಗುಳಿಗೆ ಬಿಡುವವರಿದ್ದಾರೆ. ಕಾಯವನ್ನು ಶಿವನ ನೆಲೆಯೆಂದು ಕಂಡ ಶರಣರ ಮಾರ್ಗದಲ್ಲಿ ಆ ಕಾಯವನ್ನು ಕಾಪಾಡುವ ಮದ್ದು ವ್ರತಕ್ಕೆ ಭಂಗವಾಗಲಾರದು. ಮದ್ದು ನುಂಗುವುದೂ ಒಂದು ನೇಮವೇ. ಹಲವು ದಿನಗಳ ಉಪವಾಸದಿಂದ ಅಂಕಿ ಏರುಪೇರಾಗಬಹುದಾದ್ದರಿಂದ ಅದನ್ನು ವೈದ್ಯರನ್ನು ಕೇಳದೆ ಕೈಗೊಳ್ಳಬಾರದು.

ಆಹಾರದ ಮಾತು. ಈ ಗುಳಿಗೆಯು ಕೆ ಜೀವಸತ್ತ್ವದ ಕೆಲಸವನ್ನು ತಡೆಯುತ್ತದೆ. ಆ ಜೀವಸತ್ತ್ವವು ಪಾಲಕ್, ಮೆಂತ್ಯ, ನುಗ್ಗೆ, ಹರಿವೆ ಮೊದಲಾದ ಸೊಪ್ಪುಗಳಲ್ಲಿ ಸಮೃದ್ಧವಾಗಿದೆ. ಹಾಗೆಂದು ಮುದ್ದೆಯ ಜೊತೆಯ ಸೊಪ್ಪಿನ ಸಾರನ್ನು ಬಿಡಬೇಕಾಗಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಉಣ್ಣಬೇಕು. ಮಳೆಗಾಲದಲ್ಲಿ ದಿನವೂ ಸೊಪ್ಪು, ಬೇಸಿಗೆಯಲ್ಲಿ ಒಂದು ದಂಟೂ ಇಲ್ಲ ಎಂಬಂತಾದರೆ ಅಂಕಿ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಮದ್ದುಗಳದು. ಅಡಿಕೆ ಸುಲಿದು ಮೈಕೈ ನೊಂದಿತೆಂದು ಅಂಗಡಿಯಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೇನ್ ಅಥವಾ ಆಸ್ಪಿರಿನ್ ಕೊಂಡು ನುಂಗಿದರೆ ಹೊಟ್ಟೆಯೊಳಗೆ ರಕ್ತ ಒಸರಬಹುದು. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಅಂಕಿಯನ್ನು ಏರಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ನಾಟಿ ಔಷಧಿಯನ್ನೂ ವೈದ್ಯರಿಗೆ ತಿಳಿಸದೆ ಸೇವಿಸಬೇಡಿರಿ. ಹಲ್ಲು ಕೀಳಿಸುವಾಗ, ಸೂಜಿಮದ್ದು ಚುಚ್ಚಿಸಿಕೊಳ್ಳುವಾಗ ಗುಳಿಗೆಯ ವಿಷಯವನ್ನು ಮೊದಲು ಹೇಳಿರಿ. ತಾವಾಗಿಯೇ ಅದನ್ನು ನಿಲ್ಲಿಸಬೇಡಿರಿ.

ಒಸಡಿನಲ್ಲಿ, ಮೂಗಿನಲ್ಲಿ ನಿಲ್ಲದ ರಕ್ತ, ಡಾಂಬರಿನಂತಹ ಕಪ್ಪು ಮಲ, ಕೆಂಪು ಮೂತ್ರ, ಮಿತಿಮೀರಿದ ಮುಟ್ಟಿನ ಸ್ರಾವ ಕಂಡರೆ ತಡಮಾಡಬಾರದು. ದ್ವಿಚಕ್ರದಿಂದ ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಬಲಗುಂದುವುದು, ಮಾತು ತೊದಲುವುದು, ಒಮ್ಮೆಲೇ ಉಸಿರು ಕಟ್ಟುವುದು ಹೆಪ್ಪಿನ ಸೂಚನೆಗಳು.

ಈಗ ಡಾಬಿಗಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಗುಳಿಗೆಗಳು ಬಂದಿವೆ. ಇವುಗಳಿಗೆ ಐ.ಎನ್.ಆರ್. ಪರೀಕ್ಷೆ ಬೇಡ. ಆದರೆ ಲೋಹದ ಕವಾಟವುಳ್ಳವರಿಗೆ ಇವು ಸಲ್ಲವು. ಕೀಲುವಾತ ಜ್ವರದಿಂದ ಕೆಟ್ಟ ಕವಾಟದ ಜೊತೆಗೆ ಎದೆಬಡಿತದ ಲಯವೂ ತಪ್ಪಿದವರಲ್ಲಿ ಹಳೆಯ ಗುಳಿಗೆಯೇ ರಿವರೋಕ್ಸಬಾನಿಗಿಂತ ಮೇಲೆಂದು, ಭಾರತೀಯ ರೋಗಿಗಳೂ ಸೇರಿದ್ದ ಅಧ್ಯಯನವೊಂದು 2022ರಲ್ಲಿ ತೋರಿಸಿತು. ನೆರೆಮನೆಯವರ ಗುಳಿಗೆ ನಮಗೆ ಒಗ್ಗುವುದೆಂದು ಬಗೆಯಬಾರದು.

ಕೊನೆಯದಾಗಿ, ತಾಯಿತಂದೆಗಳಲ್ಲಿ ಒಂದು ಬಿನ್ನಹ. ಎಳವೆಯಲ್ಲಿ ಗಂಟಲುನೋವು, ಕೀಲುವಾತ ಜ್ವರ ಬಂದು ಕವಾಟ ಕೆಟ್ಟ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ವರ ಕೈತಪ್ಪಬಹುದೆಂಬ ಭಯದಿಂದ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಮುಚ್ಚಿ ಮದುವೆ ಮಾಡಿದರೆ ಆ ಮಗಳು ಅತ್ತೆಯ ಮನೆಯಲ್ಲಿ ಗುಳಿಗೆಯನ್ನು ಕದ್ದು ನುಂಗಬೇಕಾಗುತ್ತದೆ. ಕದ್ದು ನುಂಗುವ ಗುಳಿಗೆ ಒಂದು ದಿನ ತಪ್ಪಿಯೇ ತಪ್ಪುತ್ತದೆ. ಅಲ್ಲದೆ ಗರ್ಭದ ಮೊದಲ ತಿಂಗಳುಗಳಲ್ಲಿ ಈ ಗುಳಿಗೆ ಶಿಶುವಿಗೆ ಹಾನಿಕರ. ಹೆದರಿ ತಟ್ಟನೆ ಬಿಟ್ಟರೆ ತಾಯಿಯ ಜೀವಕ್ಕೇ ಆಪತ್ತು. ಗರ್ಭ ನಿಲ್ಲುವುದಕ್ಕೆ ಮೊದಲೇ ಹೃದಯದ ವೈದ್ಯರನ್ನೂ ಹೆರಿಗೆಯ ವೈದ್ಯರನ್ನೂ ಕಂಡು ದಾರಿ ಗೊತ್ತುಮಾಡಿಕೊಳ್ಳಬೇಕು. ಇದು ಗಂಡ, ಅತ್ತೆ, ಮಾವ ಎಲ್ಲರಿಗೂ ತಿಳಿದಿದ್ದರೆ ಮಾತ್ರ ಸಾಧ್ಯ. ಆದುದರಿಂದ ನಿಶ್ಚಿತಾರ್ಥಕ್ಕೆ ಮುನ್ನವೇ ನಿಜವನ್ನು ಹೇಳಿರಿ. ಕೇಳಿದವರು ಅದನ್ನು ದೋಷವೆಂದು ಎಣಿಸದಿರಿ. ಸೊಸೆಯ ಗುಳಿಗೆಯ ಹೊತ್ತನ್ನು ಅತ್ತೆಯೇ ನೆನಪಿಸುವ ಮನೆ ಶರಣರ ಮನೆ.